ಎಎಂಎಚ್ ‘ನಾರ್ಮಲ್’ ಅಂತ ನಾಲ್ಕು ವರ್ಷ ನಿಶ್ಚಿಂತೆಯಾಗಿದ್ದೆ

ನನಗೆ 31 ಇದ್ದಾಗ ನಮ್ಮ ಬೆಂಗಳೂರಿನ ಆಫೀಸಿನಲ್ಲಿ ಹೆಲ್ತ್ ಕ್ಯಾಂಪ್ ಆಯಿತು. ಕ್ಯಾಂಟೀನ್ ಪಕ್ಕ ಟೇಬಲ್ ಹಾಕಿಕೊಂಡು ರಕ್ತ ತೆಗೆಯುತ್ತಿದ್ದರು. ಶುಗರ್, ಥೈರಾಯ್ಡ್ ಎಲ್ಲಾ ಫ್ರೀ. ಸ್ವಲ್ಪ ದುಡ್ಡು ಸೇರಿಸಿದರೆ ಎಎಂಎಚ್ ಅನ್ನುವ ಹಾರ್ಮೋನಿನ ಟೆಸ್ಟ್ ಕೂಡ. ನನ್ನದು 3.1 ಬಂತು. ಪಕ್ಕದಲ್ಲಿ ‘ನಾರ್ಮಲ್’. ರಿಪೋರ್ಟ್ ಕೊಟ್ಟ ಹುಡುಗಿ, “ಮೇಡಂ, ಮೊಟ್ಟೆ ಸ್ಟಾಕ್ ಸಖತ್ತಾಗಿದೆ, ನಲವತ್ತರವರೆಗೂ ಟೆನ್ಷನ್ ಬೇಡ” ಅಂದಳು.

ನನಗೆ ಬೇಕಾಗಿದ್ದದ್ದೂ ಅದೇ ಮಾತು. ಮದುವೆಯಾಗಿ ಎರಡು ವರ್ಷ ಆಗಿತ್ತು. ಹಾಸನದಿಂದ ಅಮ್ಮ ಪ್ರತಿ ಭಾನುವಾರ ಫೋನ್ ಮಾಡಿ “ಏನಾದ್ರೂ ವಿಶೇಷಾನಾ?” ಅಂತ ಕೇಳುತ್ತಿದ್ದಳು. ಇತ್ತ ಟೀಮ್ ಲೀಡ್ ಆಗುವ ಹೊತ್ತು. ಆ ಹಾಳೆಯ ಫೋಟೋ ತೆಗೆದು ಅಮ್ಮನಿಗೇ ವಾಟ್ಸ್ಯಾಪ್ ಮಾಡಿಬಿಟ್ಟೆ. ಆಮೇಲೆ ನಾಲ್ಕು ವರ್ಷ ಆ ವಿಷಯವನ್ನೇ ಎತ್ತಲಿಲ್ಲ.

ಎಎಂಎಚ್ ಹೇಳುವುದು ಅಂಡಾಶಯದಲ್ಲಿ ಮೊಟ್ಟೆ ಸುಮಾರಾಗಿ ಎಷ್ಟು ಉಳಿದಿವೆ ಅನ್ನುವುದನ್ನು ಮಾತ್ರ. ಐವಿಎಫ್‌ಗೆ, ಅಂದರೆ ಮೊಟ್ಟೆ ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣು ಸೇರಿಸುವ ಚಿಕಿತ್ಸೆಗೆ, ಇಂಜೆಕ್ಷನ್ ಕೊಟ್ಟರೆ ಎಷ್ಟು ಮೊಟ್ಟೆ ಸಿಗಬಹುದು ಅಂತ ಅಂದಾಜು ಹಾಕಲು ಡಾಕ್ಟರ್‌ಗಳಿಗೆ ಅದು ಬೇಕು. ಮೊಟ್ಟೆಯ ಗುಣ ಹೇಗಿದೆ, ಮೊಟ್ಟೆ ಗರ್ಭಕೋಶಕ್ಕೆ ಸಾಗುವ ಟ್ಯೂಬ್ ತೆರೆದಿದೆಯಾ, ಇದ್ಯಾವುದೂ ಅದರಲ್ಲಿ ಗೊತ್ತಾಗುವುದಿಲ್ಲ. ಅಕ್ಕಿ ಡಬ್ಬ ತುಂಬಿದೆ ಅಂದಮಾತ್ರಕ್ಕೆ ಹುಳ ಬಿದ್ದಿಲ್ಲ ಅಂತ ಹೇಳೋಕಾಗುತ್ತಾ? ಗುಣ ವಯಸ್ಸಿನ ಜೊತೆ ಇಳಿಯುತ್ತದೆ, 35ರ ಆಸುಪಾಸಿನಿಂದ ಇನ್ನೂ ಬೇಗ. 2017ರಲ್ಲಿ ಅಮೆರಿಕದಲ್ಲಿ 30ರಿಂದ 44 ವಯಸ್ಸಿನ ಹೆಂಗಸರ ಮೇಲೆ ನಡೆದ ಅಧ್ಯಯನವೊಂದಿದೆ. ಆಗಷ್ಟೇ ಮಗುವಿಗೆ ಪ್ರಯತ್ನ ಶುರುಮಾಡಿದ್ದವರು ಅವರು. ಎಎಂಎಚ್ ಕಡಿಮೆ ಇದ್ದವರೂ ಸರಿಯಾಗಿದ್ದವರೂ ಹೆಚ್ಚುಕಮ್ಮಿ ಒಂದೇ ಥರ ಬಸಿರಾದರಂತೆ. ಅಂದರೆ ಕಡಿಮೆ ಬಂತು ಅಂತ ಗಾಬರಿಯಾಗಿ ಮೊಟ್ಟೆ ಫ್ರೀಜ್ ಮಾಡಿಸೋಕೆ ಓಡುವುದೂ ನನ್ನಷ್ಟೇ ದಡ್ಡತನ.

35ಕ್ಕೆ ಪ್ರಯತ್ನ ಶುರುಮಾಡಿದೆವು. ಫೋನಿನ ಆ್ಯಪ್ ಪ್ರತಿ ತಿಂಗಳು ಮುಟ್ಟು ಶುರುವಾದ 14ನೇ ದಿನಕ್ಕೆ, ಮೊಟ್ಟೆ ಬಿಡುಗಡೆಯಾಗುವ ದಿನ ಅಂತ, ಹೂವಿನ ಗುರುತು ಹಾಕುತ್ತಿತ್ತು. ನನಗೆ ಮುಟ್ಟಾಗುವುದು 34 ದಿನಕ್ಕೊಮ್ಮೆ. ಮುಂದಿನ ಮುಟ್ಟಿನಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸಬೇಕಂತೆ, ಹಾಗಾದರೆ ನನಗೆ 20ನೇ ದಿನದ ಹತ್ತಿರ. ಎಷ್ಟೋ ತಿಂಗಳು ಹೂವು ನೋಡಿಕೊಂಡೇ ಕಳೆದೆವು. 35 ದಾಟಿದವರು ಆರು ತಿಂಗಳು ನೋಡಿ ಡಾಕ್ಟರ್ ಹತ್ತಿರ ಹೋಗಬೇಕು. ನಾನು ಹತ್ತು ತಿಂಗಳು ಕಾದೆ. ನಾರ್ಮಲ್ ಅಲ್ವಾ!

ಆಮೇಲೆ ಹೋದದ್ದು ದೊಡ್ಡ ಬೋರ್ಡಿನ ಒಂದು ಕ್ಲಿನಿಕ್ಕಿಗೆ. ಐದು ತಿಂಗಳು ನನಗೆ ಮಾತ್ರೆ, ಸ್ಕ್ಯಾನ್, ಮತ್ತೆ ಮಾತ್ರೆ. ಮಧ್ಯಾಹ್ನದ ಮೀಟಿಂಗ್‌ಗಳಿಗೆಲ್ಲ “ಡೆಂಟಿಸ್ಟ್ ಹತ್ತಿರ ಹೋಗ್ಬೇಕು” ಅಂತ ಸುಳ್ಳು. ಆರನೇ ತಿಂಗಳು ಐವಿಎಫ್ ಪ್ಯಾಕೇಜ್ ಮುಂದಿಟ್ಟರು, ಇಎಂಐ ಸೌಲಭ್ಯದ ಸಮೇತ. ನನ್ನ ಆಫೀಸಿನ ಇನ್ಶೂರೆನ್ಸ್‌ನಲ್ಲಿ ಐವಿಎಫ್ ಇರಲಿಲ್ಲ. ದುಡ್ಡಿನ ಲೆಕ್ಕ ನೋಡಿ ಹೆದರಿಕೆಯಾಗಿ ಬೇರೆ ಕಡೆ ತೋರಿಸೋಣ ಅಂದುಕೊಂಡೆವು. ದುಡ್ಡಿದ್ದಿದ್ದರೆ ಅಲ್ಲೇ ಸಹಿ ಹಾಕಿಬಿಡುತ್ತಿದ್ದೆ, ನಿಜ ಹೇಳ್ತೀನಿ.

ಎರಡನೇ ಡಾಕ್ಟರ್ ವಯಸ್ಸಾದವರು. ನನ್ನ ಹಸಿರು ಫೈಲನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಕನ್ನಡಕ ಮೇಲೆ ಮಾಡಿ ನನ್ನ ಗಂಡನನ್ನು ನೋಡಿ, “ಇವರ ಹಾಳೆ ಎಲ್ಲಮ್ಮ?” ಅಂದರು.

ಇರಲಿಲ್ಲ. ಅಷ್ಟು ದಿನದಲ್ಲಿ ಅವನಿಗೆ ಯಾರೂ ಟೆಸ್ಟ್ ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. “ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ” ಅನ್ನುತ್ತಿದ್ದ ಅವನು. ವೀರ್ಯ ಪರೀಕ್ಷೆಗೆ ಸಾವಿರ ಚಿಲ್ಲರೆ ರೂಪಾಯಿ. ಮೂರು ದಿನ ಬ್ರಹ್ಮಚರ್ಯ, ಒಂದು ಪುಟ್ಟ ಡಬ್ಬಿ, ಅಷ್ಟೇ. ಒಂದು ಮಿಲಿಲೀಟರ್‌ಗೆ 40 ಲಕ್ಷ ವೀರ್ಯಾಣು ಬಂತು. 40 ಲಕ್ಷ ಅಂದರೆ ದಂಡಿ ಅಂದುಕೊಂಡೆವು. ವಿಶ್ವ ಆರೋಗ್ಯ ಸಂಸ್ಥೆಯ ಕೆಳಗಿನ ಮಿತಿಯೇ 1.6 ಕೋಟಿ. ಒಂದೇ ಸಲ ನೋಡಿ ನಂಬಬಾರದು ಅಂತ ಮತ್ತೊಮ್ಮೆ ಮಾಡಿಸಿದರು, ಅದೇ ಕಥೆ. ವೆರಿಕೋಸೀಲ್ ಇತ್ತು. ಕಾಲಿನಲ್ಲಿ ರಕ್ತನಾಳ ಊದಿಕೊಳ್ಳುತ್ತಲ್ಲ, ಅದೇ ಥರ ವೃಷಣದ ಹತ್ತಿರ.

ಆಪರೇಷನ್ ಆಯಿತು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಹಾಗಾಗಿ ಫಲ ಗೊತ್ತಾಗಲು ಕನಿಷ್ಠ ಮೂರು ತಿಂಗಳು ಕಾಯಬೇಕು. 31ರಲ್ಲಿ ಆಗಿದ್ದರೆ ಆರಾಮಾಗಿ ಕಾಯುತ್ತಿದ್ದೆ. ಈಗ 37. ಮುಂದಿನ ತಿಂಗಳು ಅವನಿಗೆ ಮತ್ತೆ ಟೆಸ್ಟ್. ಆಗಲಿಲ್ಲ ಅಂದರೆ ಇಕ್ಸಿ, ಅಂದರೆ ಲ್ಯಾಬಿನಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಮೊಟ್ಟೆಯೊಳಗೆ ಸೇರಿಸುವುದು.

ಕೆಲಸಕ್ಕೋಸ್ಕರ ಮಗು ಮುಂದೂಡಿದ್ದಕ್ಕೆ ನನಗೆ ಬೇಜಾರಿಲ್ಲ. ಆ ಪ್ರಮೋಷನ್ ನನಗೆ ಬೇಕಿತ್ತು. ಆದರೆ ಕ್ಯಾಂಪಿನ ಟೇಬಲ್ಲಿನ ಮಾತು ನಂಬಿ ಮುಂದೂಡಿದೆ, ಅದೇ ಹೊಟ್ಟೆ ಉರಿಸುವುದು. ಕ್ಲಿನಿಕ್ಕಿನಲ್ಲಿ ಮೊದಲ ದಿನವೇ ಗಂಡನಿಗೂ ಟೆಸ್ಟ್ ಬರೆಯದೆ ನಿಮಗೆ ಮಾತ್ರೆ ಕೊಟ್ಟರೆ, ಫೈಲ್ ಎತ್ತಿಕೊಂಡು ಎದ್ದು ಬನ್ನಿ.

ಮೊನ್ನೆ ಗೊತ್ತಾಯಿತು, ಅಮ್ಮ ಆ ಫೋಟೋವನ್ನು ಅವತ್ತೇ ಚಿಕ್ಕಮ್ಮನ ಮಗಳಿಗೂ ಫಾರ್ವರ್ಡ್ ಮಾಡಿದ್ದಳಂತೆ. ಅವಳೂ ಟೆಸ್ಟ್ ಮಾಡಿಸಿಕೊಂಡು, 3.4 ಬಂತು ಅಂತ ಹಾಯಾಗಿದ್ದಾಳೆ. ಅವಳಿಗೀಗ 34. ಇದನ್ನು ಮೊದಲು ಅವಳಿಗೇ ಕಳಿಸುತ್ತಿದ್ದೇನೆ.