ಕಿಟ್ ಕೊಡ್ತಾರೆ, ಬಿಲ್ ಕೊಡಲ್ಲ: ಯೂನಿಫಾರಂ ಕೊಳ್ಳುವ ಮುಂಚೆ ಇದನ್ನು ಓದಿ

ಈ ಜೂನ್‌ನಲ್ಲಿ ನನ್ನ ಇಬ್ಬರು ಮಕ್ಕಳ ಯೂನಿಫಾರಂ ಮತ್ತು ಶೂಗೆ ನಾನು ಕೊಟ್ಟಿದ್ದು 10,490 ರೂಪಾಯಿ. ಮಗಳು ಐದನೇ ಕ್ಲಾಸು, ಮಗ ಎರಡನೇ ಕ್ಲಾಸು. ಗೌರಿ ಹಬ್ಬ ಬರುವಷ್ಟರಲ್ಲಿ ಅದರಲ್ಲಿ ನೆಟ್ಟಗೆ ಉಳಿದಿದ್ದು ಎರಡು ಟೈ, ಎರಡು ಬೆಲ್ಟು. ದಾವಣಗೆರೆಯಲ್ಲಿ ನನ್ನ ಹಾಗೇ ಇನ್ನೂ ಎಷ್ಟೋ ತಂದೆ ತಾಯಿ ಇದೇ ರೀತಿ ಕೈ ಸುಟ್ಟುಕೊಂಡಿದ್ದಾರೆ. ಮುಂದಿನ ವರ್ಷ ನಿಮಗೆ ಹೀಗಾಗಬಾರದು ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಮಾರ್ಕ್ಸ್ ಕಾರ್ಡ್ ಜೊತೆ ಒಂದು ಚೀಟಿ ಬಂತು. ಜೂನ್‌ನಿಂದ ಹೊಸ ಯೂನಿಫಾರಂ, ಸಿಗುವುದು ಇಂಥ ಅಂಗಡಿಯಲ್ಲಿ ಮಾತ್ರ ಅಂತ. ಇದಕ್ಕೂ ಮುಂಚಿನ ಯೂನಿಫಾರಂ ಬಂದು ಎರಡೇ ವರ್ಷ ಆಗಿತ್ತು. ಮಗಳ ಎರಡು ಜೊತೆ ಬಟ್ಟೆ ಇನ್ನೂ ಗಟ್ಟಿಯಾಗೇ ಇದ್ದವು, ಅಂಚು ಬಿಚ್ಚಿದರೆ ಉದ್ದವೂ ಸಾಕಾಗುತ್ತಿತ್ತು. ದಸರಾ ರಜೆವರೆಗೆ ಅದನ್ನೇ ಹಾಕಿಸಿ, ಆಮೇಲೆ ಹೊಸದು ತೆಗೆದರಾಯ್ತು ಅಂದುಕೊಂಡೆ.

ಶಾಲೆ ಶುರುವಾಗಿ ನಾಲ್ಕನೇ ದಿನ ಬೆಳಿಗ್ಗೆ ಮಗಳು ಹೊಟ್ಟೆ ನೋವು ಅಂದಳು. ಜ್ವರವಿಲ್ಲ, ವಾಂತಿಯಿಲ್ಲ. ಸಂಜೆ ಅವಳ ಗೆಳತಿಯ ತಾಯಿ ಫೋನ್ ಮಾಡಿದಾಗಲೇ ವಿಷಯ ಗೊತ್ತಾಗಿದ್ದು. ಹಳೇ ಯೂನಿಫಾರಂ ಹಾಕಿಕೊಂಡು ಬಂದ ಮಕ್ಕಳನ್ನು ಪ್ರಾರ್ಥನೆ ಹೊತ್ತಲ್ಲಿ ಬೇರೆ ಸಾಲಾಗಿ, ಎಲ್ಲರಿಗೂ ಕಾಣುವ ಹಾಗೆ ಮುಂದೆ ನಿಲ್ಲಿಸುತ್ತಿದ್ದರಂತೆ. ಮೂರು ದಿನ ನಿಂತು ಬಂದಿದ್ದಾಳೆ, ಮನೆಯಲ್ಲಿ ಬಾಯಿ ಬಿಟ್ಟಿಲ್ಲ. "ನಿನ್ ಹತ್ರ ದುಡ್ಡಿರಲ್ಲ ಅಂತ ಹೇಳ್ಲಿಲ್ಲಮ್ಮ" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ.

ಚೀಟಿ ಕಂತಿಗೆ ಎತ್ತಿಟ್ಟಿದ್ದ ಹಣ ತೆಗೆದುಕೊಂಡು ಮಾರನೇ ದಿನವೇ ಆ ಅಂಗಡಿಗೆ ಹೋದೆ. ತಪ್ಪಾಗಿದ್ದೇ ಅಲ್ಲಿ. ಮಗುವಿನ ಮುಖ ನೋಡಿ ಓಡಿದವರಿಗೆ ಚೌಕಾಶಿ ಮಾಡುವ ಬುದ್ಧಿ ಇರುವುದಿಲ್ಲ, ಅದು ಅಂಗಡಿಯವರಿಗೂ ಗೊತ್ತು. ಕ್ಲಾಸಿನ ಪ್ರಕಾರ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಕಿಟ್. ಎರಡು ಜೊತೆ ಮಾಮೂಲಿ ಬಟ್ಟೆ, ಶನಿವಾರಕ್ಕೆ ಟೀ ಶರ್ಟು ಮತ್ತು ಟ್ರ್ಯಾಕ್ ಪ್ಯಾಂಟು, ಟೈ, ಬೆಲ್ಟು, ಮೂರು ಜೊತೆ ಸಾಕ್ಸು, ಕಪ್ಪು ಶೂ, ಬಿಳಿ ಕ್ಯಾನ್ವಾಸ್ ಶೂ. ಮಗಳದು 5,570, ಮಗನದು 4,920. ಟೈ, ಬೆಲ್ಟು ಮನೇಲಿವೆ, ಬೇಡ ಅಂದೆ. "ಬಿಡಿ ಕೊಡಲ್ಲ ಮೇಡಂ, ಕಿಟ್ ಅಷ್ಟೇ." ಶೂ ಹಾಕಿಸಿ ನೋಡ್ತೀನಿ ಅಂದರೆ ಕವರ್ ಬಿಚ್ಚುವ ಹಾಗಿಲ್ಲ. ಮಗಳ ಅಳತೆ ಎರಡು ನಂಬರು, ಕೊಟ್ಟಿದ್ದು ಮೂರು. "ಮಕ್ಕಳು ಬೆಳೀತಾರೆ ಬಿಡ್ರಿ" ಅಂದರು. ನಗದು ಕೊಟ್ಟೆ. ಕೈಗೆ ಬಂದಿದ್ದು "ಎಸ್ಟಿಮೇಟ್" ಅಂತ ಬರೆದ ಒಂದು ತುಂಡು ಕಾಗದ. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ಸೀಲೂ ಇಲ್ಲ.

ಮೊದಲನೇ ಒಗೆತಕ್ಕೇ ಪಿನಾಫೋರಿನ ನೀಲಿ ಬಣ್ಣ ಬಿಟ್ಟು, ಜೊತೆಗೆ ನೆನೆಹಾಕಿದ್ದ ಎರಡೂ ಬಿಳಿ ಅಂಗಿ ಮಸಿ ಬಳಿದಂತಾದವು. ಕೊಂಡು ಒಂಬತ್ತನೇ ದಿನಕ್ಕೆ ಅಂಗಡಿಗೆ ವಾಪಸ್ ಹೋದೆ. ಬಿಲ್ ತೋರಿಸಿ ಅಂದರು. ಎಸ್ಟಿಮೇಟ್ ತೋರಿಸಿದರೆ, "ಇದು ನಮ್ಮದು ಅಂತ ಎಲ್ಲಿ ಬರ್ದೈತ್ರಿ?" ಶಾಲೆಗೆ ಹೋದರೆ, ಬಟ್ಟೆಗೂ ನಮಗೂ ಸಂಬಂಧವಿಲ್ಲ, ಅಂಗಡಿಯವರನ್ನೇ ಕೇಳಿ ಅಂದರು. ಅದೇ ಅಂಗಡಿಯಲ್ಲೇ ಕೊಳ್ಳಿ ಅಂತ ಚೀಟಿ ಕಳಿಸಿದ್ದು ಇದೇ ಶಾಲೆ.

ಜುಲೈ ಮಳೆಗೆ ಮಗನ ಕಪ್ಪು ಶೂ ಬಾಯಿ ಬಿಟ್ಟಿತು. ಹೊಲಿಗೆಯೇ ಇಲ್ಲ, ಬರೀ ಗಮ್ಮು. ದೊಡ್ಡ ಶೂ ಉಜ್ಜಿ ಉಜ್ಜಿ ಮಗಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ನಮ್ಮ ಅಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಬಟ್ಟೆ ಕೈಗೆ ಸಿಕ್ಕರೆ ಮೊದಲು ಹೆಬ್ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಮೊಮ್ಮಗಳ ಅಂಗಿಯ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಇದು ಕರಗಿ ಗಟ್ಟಿ ಮಣಿಯ ಹಾಗೆ ಮುದ್ದೆಯಾಯಿತು. "ಇದು ಪೂರಾ ಪಾಲಿಯೆಸ್ಟರ್ ಕಣವ್ವ. ಬೇಸಿಗೇಲಿ ಹುಡುಗಿ ಮೈ ಬೆಂದು ಹೋಗ್ತೈತಿ" ಅಂದರು. ಅಂಗಡಿಯವರು ನನಗೆ ಕಾಟನ್ ಮಿಕ್ಸ್ ಅಂತ ಹೇಳಿದ್ದರು.

ಅಪ್ಪನನ್ನೇ ಕರೆದುಕೊಂಡು ಚೌಕಿಪೇಟೆಗೆ ಹೋದೆ. ಅದೇ ಚೆಕ್ಸು, ಅದೇ ಬಣ್ಣ, ಹತ್ತಿ ಬೆರೆತ ಬಟ್ಟೆ ಸಿಕ್ಕಿತು. ಟೈಲರ್ ಕೂಲಿಯೂ ಸೇರಿ ಮಗಳ ಒಂದು ಜೊತೆಗೆ 720 ರೂಪಾಯಿ. ಕಿಟ್‌ನಲ್ಲಿ ಒಂದು ಜೊತೆಗೆ ಹಿಡಿದಿದ್ದು 1,250. ಅಂದರೆ ಹೆಚ್ಚು ಹಣ ಕೊಟ್ಟು ಕಳಪೆ ಬಟ್ಟೆ ತಂದಿದ್ದೆ. ಶೂ ಮಾತಿಗೆ ಬಂದರೆ, ಸರ್ಕಾರಿ ಶಾಲೆಯ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸಿಗೆ ಸರ್ಕಾರ 2022ರಲ್ಲಿ ಗೊತ್ತು ಮಾಡಿದ್ದು 265 ರೂಪಾಯಿ. ಅದು ಸಾಲದು ಅನ್ನುವ ಮಾತು ಇದೆ, ನಾನೂ ಒಪ್ಪುತ್ತೇನೆ. ಆದರೆ ನನ್ನ ಮಗಳ ಕಪ್ಪು ಶೂಗೆ 950 ಹೇಗಾಯಿತು ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಇಷ್ಟೆಲ್ಲ ಆದಮೇಲೆ ನಿಯಮ ಏನಿದೆ ಅಂತ ಹುಡುಕಿದೆ. ಇದನ್ನು ಏಪ್ರಿಲ್‌ನಲ್ಲೇ ಓದಿದ್ದರೆ ಆ ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಕರ್ನಾಟಕದ ಶಿಕ್ಷಣ ಸಂಸ್ಥೆಗಳಿಗೆ 1995ರಲ್ಲಿ ಮಾಡಿದ ನಿಯಮಗಳಿವೆ (ವರ್ಗೀಕರಣ, ನಿಯಂತ್ರಣ ಮತ್ತು ಪಠ್ಯಕ್ರಮದ ನಿಯಮಗಳು). ಅದರ 11ನೇ ನಿಯಮದ ಪ್ರಕಾರ ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತು ಮಾಡಬಹುದು, ಆದರೆ ಒಮ್ಮೆ ಗೊತ್ತು ಮಾಡಿದ ಮೇಲೆ ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಿದ್ದರೆ ಕನಿಷ್ಠ ಒಂದು ವರ್ಷ ಮುಂಚೆ ಪೋಷಕರಿಗೆ ನೋಟಿಸ್ ಕೊಡಬೇಕು. ನಮ್ಮದು ರಾಜ್ಯ ಪಠ್ಯಕ್ರಮದ ಶಾಲೆ. ಎರಡೇ ವರ್ಷಕ್ಕೆ ಬದಲಾಯಿಸಿದ್ದಾರೆ, ನೋಟಿಸ್ ಕೊಟ್ಟಿದ್ದು ಎರಡು ತಿಂಗಳು ಮುಂಚೆ. ನಿಮ್ಮ ಮಕ್ಕಳ ಶಾಲೆ ಯೂನಿಫಾರಂ ಬದಲಾಯಿಸಿದರೆ ಮೊದಲು ಆ ಚೀಟಿಯ ತಾರೀಖು ನೋಡಿ, ಚೀಟಿಯನ್ನು ಜೋಪಾನವಾಗಿಡಿ. ನಾನು ಎಸೆಯದೆ ಇಟ್ಟುಕೊಂಡಿದ್ದೇ ಈಗ ನನ್ನ ಕೈಯಲ್ಲಿರುವ ದೊಡ್ಡ ಸಾಕ್ಷಿ.

ಬಿಲ್ಲಿನ ವಿಷಯವೂ ಹಾಗೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಒಂದು ತಪ್ಪು. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದೂ ತಪ್ಪು. ನಾನು ಹೋಗಿದ್ದು ಒಂಬತ್ತನೇ ದಿನ. ಬಿಲ್ ಇದ್ದಿದ್ದರೆ ಅವರು ನನ್ನನ್ನು ಹಾಗೆ ವಾಪಸ್ ಕಳಿಸುವುದು ಸುಲಭವಿರಲಿಲ್ಲ. ನಗದು ಕೊಡಬೇಡಿ. ಫೋನಿನಲ್ಲಿ ಹಣ ಹಾಕಿದರೂ ಅಂಗಡಿಯ ಖಾತೆಗೇ ಹೋಗುತ್ತಿದೆಯಾ ಅಂತ ನೋಡಿ, ಹೆಸರು ಬೇರೆ ಬಂದರೆ ಅಲ್ಲೇ ನಿಲ್ಲಿಸಿ ಕೇಳಿ. ಅಂಗಡಿಯವರು ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ.

ಶೂ ಮಾತ್ರ ಕಿಟ್‌ನಲ್ಲಿ ದಯವಿಟ್ಟು ಕೊಳ್ಳಬೇಡಿ. ಮಗುವನ್ನು ಸಂಜೆ ಹೊತ್ತು ಕರೆದುಕೊಂಡು ಹೋಗಿ, ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಸಾಕ್ಸ್ ಹಾಕಿಸಿ, ನಿಲ್ಲಿಸಿ, ಹೆಬ್ಬೆರಳ ಮುಂದೆ ನಿಮ್ಮ ಹೆಬ್ಬೆಟ್ಟಿನಷ್ಟು ಜಾಗ ಇದೆಯಾ ನೋಡಿ. ಅಟ್ಟೆಯ ಸುತ್ತ ಹೊಲಿಗೆ ಇರಲಿ.

ಮಗುವನ್ನು ಯೂನಿಫಾರಂ ಕಾರಣಕ್ಕೆ ಎಲ್ಲರ ಮುಂದೆ ನಿಲ್ಲಿಸಿದರೆ ನನ್ನ ಹಾಗೆ ಅಂಗಡಿಗೆ ಓಡಬೇಡಿ, ಮೊದಲು ಶಾಲೆಗೆ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ. ಬಾಯಿಮಾತಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ.

ನಾವು ಹದಿನಾಲ್ಕು ಜನ ಪೋಷಕರು ಸೇರಿ ಹಾಗೆ ಬರೆದುಕೊಟ್ಟೆವು. ವಾರದೊಳಗೆ ಬೇರೆ ಸಾಲಿನಲ್ಲಿ ನಿಲ್ಲಿಸುವುದು ನಿಂತಿತು. ಹಳೇ ಯೂನಿಫಾರಂ ಈ ವರ್ಷ ಪೂರ್ತಿ ನಡೆಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಐದು ವರ್ಷದ ನಿಯಮದ ಬಗ್ಗೆ ಮಾತ್ರ ಶಾಲೆ ಉತ್ತರ ಕೊಟ್ಟಿಲ್ಲ, ಬಣ್ಣ ಬಿಟ್ಟ ಬಟ್ಟೆಯ ಹಣವೂ ಬಂದಿಲ್ಲ. ಸಹಿ ಹಾಕಿಸಿದ ಪ್ರತಿ ಇಟ್ಟುಕೊಂಡು ಈ ಸೋಮವಾರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡುತ್ತಿದ್ದೇವೆ.