ಸೆಂಟೋಸಾ, ದುಬೈ, ಬಾಂಡೈ: ಹುಬ್ಬಳ್ಳಿ ಕುಟುಂಬಕ್ಕೆ ಯಾವ ದಂಡೆ?

ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಸಮುದ್ರ ಅಂದರೆ ಅರಬೈಲ್ ಘಾಟ್ ಇಳಿದ ಮೇಲೆ ಸಿಗುವ ಕಾರವಾರ, ಇಲ್ಲವೇ ಗೋಕರ್ಣ. ಈಜು ಬರುವವರೂ ಕಲಿತದ್ದು ಬಾವಿಯಲ್ಲಿ, ಕೆರೆಯಲ್ಲಿ. ತೆರೆಗಳ ನಡುವೆ ಈಜಿದ ರೂಢಿ ಕಡಿಮೆ. ಹೊರದೇಶದ ಬೀಚ್ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಟೂರಿನವರ ಫೋಟೊದಲ್ಲಿ ನೀರು ಎಲ್ಲ ಕಡೆಗೂ ನೀಲಿ. ಕಾಲಿಟ್ಟ ಮೇಲೆ ಒಂದಕ್ಕೊಂದು ಸಂಬಂಧವಿಲ್ಲ.

ಸಿಂಗಪುರದ ಸೆಂಟೋಸಾ ದ್ವೀಪದಲ್ಲಿ ಸಿಲೋಸೊ, ಪಲಾವಾನ್, ತಂಜೋಂಗ್ ಎಂಬ ಮೂರು ದಂಡೆಗಳಿವೆ. ಉಸುಕು ಹೊರಗಿನಿಂದ ತಂದು ಹಾಕಿದ್ದು. ಮುಂದೆ ಕಲ್ಲಿನ ತಡೆ ಮತ್ತು ಪುಟ್ಟ ನಡುಗಡ್ಡೆಗಳಿರುವುದರಿಂದ ತೆರೆ ಇಲ್ಲವೆಂದೇ ಹೇಳಬೇಕು. ಈಜು ಬಾರದ ಹಿರಿಯರು, ಸಣ್ಣ ಹುಡುಗರು ಜೊತೆಗಿದ್ದರೆ ಇದೇ ಸರಿ. ಸೀರೆಯುಟ್ಟವರೂ ಮೊಣಕಾಲುದ್ದ ನೀರಿನಲ್ಲಿ ಆರಾಮಾಗಿ ನಿಲ್ಲಬಹುದು. ಆದರೆ ನಿಜವಾದ ಸಮುದ್ರ ಬೇಕೆನ್ನುವವರಿಗೆ ಸಪ್ಪೆ ಅನ್ನಿಸುತ್ತದೆ. ಕಣ್ಣೆದುರಿಗೆ ಸರಕು ಹಡಗುಗಳ ಸಾಲು, ನೀರು ಮಬ್ಬು ಹಸಿರು. ಹಾರ್ಬರ್‌ಫ್ರಂಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು, ವಿವೋಸಿಟಿ ಮಾಲಿನ 3ನೇ ಮಹಡಿಯಲ್ಲಿ ಸೆಂಟೋಸಾ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಕೊನೆಯದು ಬೀಚ್ ಸ್ಟೇಷನ್. ಹೋಗುವಾಗ 4 ಸಿಂಗಪುರ ಡಾಲರ್, ಬರುವಾಗ ಪುಕ್ಕಟೆ. ದ್ವೀಪಕ್ಕೆ ಹೋಗುವ ಬೋರ್ಡ್‌ವಾಕ್ ಎಂಬ ಕಾಲುದಾರಿಯಲ್ಲಿ ನಡೆದುಹೋದರೆ ಅದೂ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗುಡುಗು-ಸಿಡಿಲು ಹೆಚ್ಚು. ಸಿಡಿಲಿನ ಎಚ್ಚರಿಕೆ ಬಂತೆಂದರೆ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಾರೆ, ಹಾಗಾಗಿ ಮುಂಜಾನೆಯೇ ಹೋಗಿಬಿಡುವುದು ಒಳ್ಳೆಯದು.

ದುಬೈಯಲ್ಲಿ ಜೆಬಿಆರ್ (ಜುಮೇರಾ ಬೀಚ್ ರೆಸಿಡೆನ್ಸ್) ದಂಡೆ ಮತ್ತು ಕೈಟ್ ಬೀಚ್ ಎರಡೂ ಪುಕ್ಕಟೆ, ಎರಡರಲ್ಲೂ ಶವರ್ ಇದೆ. ಗಾಡಿಯಿಲ್ಲದ ಕುಟುಂಬಕ್ಕೆ ಜೆಬಿಆರ್ ಹಗುರ: ಮೆಟ್ರೊದ ಕೆಂಪು ಮಾರ್ಗದಲ್ಲಿ ಸೋಭಾ ರಿಯಾಲ್ಟಿ ಅಥವಾ ಡಿಎಂಸಿಸಿ ನಿಲ್ದಾಣದಲ್ಲಿ ಇಳಿದು ಟ್ರಾಮ್ ಹಿಡಿಯಬೇಕು. ಹಾಯಿಯ ಆಕಾರದ ಬುರ್ಜ್ ಅಲ್ ಅರಬ್ ಹೋಟೆಲ್ ಕಾಣಬೇಕೆಂದರೆ ಕೈಟ್ ಬೀಚ್. ಹತ್ತಿರ ಮೆಟ್ರೊ ಇಲ್ಲ, ಟ್ಯಾಕ್ಸಿ ಹಿಡಿಯುವುದೇ ಸುಲಭ. ಮೆಟ್ರೊ, ಟ್ರಾಮ್‌ಗಳಿಗೆ ಬೇಕಾದ ನೋಲ್ ಸಿಲ್ವರ್ ಕಾರ್ಡ್ 25 ದಿರ್ಹಮ್, ಅದರಲ್ಲಿ 19 ಪ್ರಯಾಣಕ್ಕೆ ಸಿಗುತ್ತದೆ. ಮೆಟ್ರೊದಲ್ಲಿ ಮಹಿಳೆಯರ ಡಬ್ಬಿಯೊಳಗೆ ಗಂಡಸರು ಕಾಲಿಟ್ಟರೆ 100 ದಿರ್ಹಮ್ ದಂಡ. ಕೊಲ್ಲಿಯಲ್ಲಿ ನೀರು ಆವಿಯಾಗುವುದು ಜಾಸ್ತಿ, ಹೊರಸಮುದ್ರದ ನೀರು ಒಳಬರುವ ದಾರಿ ಇಕ್ಕಟ್ಟು. ಅದಕ್ಕೇ ಉಪ್ಪು ನಮ್ಮ ಕಾರವಾರಕ್ಕಿಂತ ಹೆಚ್ಚು, ಕಣ್ಣು ಉರಿಯುತ್ತದೆ. ಬೇಸಿಗೆಯಲ್ಲಿ ನೀರೇ 30 ಡಿಗ್ರಿ ದಾಟುತ್ತದೆ, ಉಸುಕಿನ ಮೇಲೆ ಬರಿಗಾಲು ಇಡಲಾಗದು. ಇದಕ್ಕೆ ದುಬೈಯವರೇ ದಾರಿ ಮಾಡಿದ್ದಾರೆ: 2023ರಲ್ಲಿ ಜುಮೇರಾ 2, ಜುಮೇರಾ 3, ಉಮ್ ಸುಖೀಮ್ 1 ದಂಡೆಗಳನ್ನು ದೀಪ ಹಾಕಿ, ಜೀವರಕ್ಷಕರನ್ನು ಇಟ್ಟು ರಾತ್ರಿ ಈಜಿಗೆ ತೆರೆದರು. ನಮಗೆ ದುಬೈಯಲ್ಲಿ ಹಗಲಿಗಿಂತ ಇದೇ ಹಿತ. ಗುರುತಿಲ್ಲದವರು ಬೀಳುವಂತೆ ಫೋಟೊ ತೆಗೆಯುವುದು ಅಲ್ಲಿ ಕಾನೂನಿನ ತೊಡಕು, ಮೊಬೈಲ್ ಎತ್ತುವಾಗ ಹಿನ್ನೆಲೆ ನೋಡಿಕೊಳ್ಳಿ.

ಚೆಲುವಿನಲ್ಲಿ ಸಿಡ್ನಿಯ ಬಾಂಡೈ ಎರಡನ್ನೂ ಮೀರಿಸುತ್ತದೆ. ಅಪಾಯದಲ್ಲಿಯೂ ಅಷ್ಟೇ. ಸುಮಾರು 1 ಕಿಲೋಮೀಟರ್ ಉದ್ದದ ದಂಡೆ, ತೆರೆ ನೇರ ಮಹಾಸಾಗರದ್ದು. ದಂಡೆಗೆ ಬಂದು ಬಿದ್ದ ನೀರು ಮರಳಿ ಹೋಗಲು ಆಳವಾದ ಕಾಲುವೆಯೊಂದನ್ನು ಮಾಡಿಕೊಳ್ಳುತ್ತದೆ. ಸೆಳವು ಇರುವುದು ಅಲ್ಲಿ. ಆಳವಿರುವುದರಿಂದ ಅಲ್ಲಿ ತೆರೆ ಒಡೆಯುವುದು ಕಡಿಮೆ, ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಈಜು ಬಾರದವರು ‘ಇಲ್ಲಿ ತೆರೆ ಇಲ್ಲ’ ಎಂದು ಆರಿಸಿಕೊಳ್ಳುವುದೂ ಅದೇ ಜಾಗ! ದಕ್ಷಿಣ ತುದಿಯಲ್ಲಿರುವ ಇಂಥ ಸೆಳವಿಗೆ ‘ಬ್ಯಾಕ್‌ಪ್ಯಾಕರ್ಸ್ ರಿಪ್’ ಎಂಬ ಹೆಸರೇ ಬಿದ್ದಿದೆ: ಬಸ್ ಇಳಿದ ಪ್ರವಾಸಿಗರು ಹತ್ತಿರವೆಂದು ಅಲ್ಲಿಯೇ ನೀರಿಗಿಳಿಯುತ್ತಾರೆ. 1938ರ ಫೆಬ್ರವರಿ 6ರಂದು ಇದೇ ಬಾಂಡೈಯಲ್ಲಿ ದೊಡ್ಡ ತೆರೆಗಳು ನೂರಾರು ಜನರನ್ನು ಒಮ್ಮೆಲೇ ಎಳೆದೊಯ್ದು ಐವರು ಸತ್ತರು.

ಹಾಗಾಗಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಸೆಳವಿಗೆ ಸಿಕ್ಕರೆ ದಂಡೆಯ ಕಡೆಗೆ ಎದುರೀಜು ಬೇಡ, ದಣಿದು ಮುಳುಗುವುದು ಅದರಿಂದಲೇ. ಬೆನ್ನ ಮೇಲೆ ತೇಲುತ್ತ ಒಂದು ಕೈ ಎತ್ತಿದರೆ ಜೀವರಕ್ಷಕರು ಬರುತ್ತಾರೆ. ಸೀರೆ, ದುಪಟ್ಟಾ ಇಲ್ಲಿ ಖಂಡಿತ ಬೇಡ. ನೀರು ಕುಡಿದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹುಡುಗರಿಗೆ ಉತ್ತರ ತುದಿಯ ಬಂಡೆಗಳ ಬಳಿ ಸಣ್ಣ ಕೊಳವಿದೆ. ದಕ್ಷಿಣದ ಐಸ್‌ಬರ್ಗ್ಸ್ ಕೊಳಕ್ಕೆ ಟಿಕೆಟ್ ಇದೆ, ತೊಳೆಯಲು ಗುರುವಾರ ಮುಚ್ಚುತ್ತಾರೆ. ಈಶಾನ್ಯ ಗಾಳಿ ಬೀಸಿದಾಗ ಬ್ಲೂಬಾಟಲ್ ಎಂಬ ಕುಟುಕುವ ಜೀವಿ ತೇಲಿ ಬರುತ್ತದೆ. ಕುಟುಕಿದರೆ ಎಳೆಗಳನ್ನು ತೆಗೆದು, ಸಮುದ್ರದ ನೀರಿನಲ್ಲಿ ತೊಳೆದು, ಕುಟುಕಿದ ಜಾಗವನ್ನು ಸುಡದಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಡಬೇಕು. ವಿನೆಗರ್ ಹಾಕಬಾರದು. ಹೋಗಲು ಸರ್ಕ್ಯುಲರ್ ಕೀಯಿಂದ 333 ನಂಬರಿನ ಬಸ್.

ಕೊಲಂಬೊ ಸಸ್ತಾ, ಆದರೆ ಅಲ್ಲಿನ ಗಾಲ್ ಫೇಸ್ ಎಂಬ ಸಮುದ್ರದಂಡೆಯ ಬಯಲು ಇರುವುದು ಅಡ್ಡಾಡಲಿಕ್ಕೆ, ಈಜಲಿಕ್ಕಲ್ಲ. ಅಲ್ಲಿನ ‘ಇಸ್ಸೊ ವಡೆ’ಯ ಮೇಲೆ ಸೀಗಡಿ ಇರುತ್ತದೆ, ಶಾಕಾಹಾರಿಗಳು ವಡೆಯೆಂದು ಕೈ ಹಾಕಬೇಡಿ.

ರಜೆ ನೋಡಿ ಊರು ಆರಿಸಬೇಕು. ಏಪ್ರಿಲ್-ಮೇ ರಜೆಗೆ ಸಿಂಗಪುರ ಸರಿ. ಸಿಡ್ನಿಯಲ್ಲಿ ಏಪ್ರಿಲ್ ಹೊತ್ತಿಗೆ ನೀರು ಇನ್ನೂ 21-22 ಡಿಗ್ರಿ ಇರುತ್ತದೆ. ಮೇ ತಿಂಗಳ ದುಬೈ ಹಗಲಿಗೆ ಬೇಡ. ದಸರೆಗೆ ಬಾಂಡೈ ನೀರು ಮೈ ನಡುಗಿಸುತ್ತದೆ. ಆಗ ದುಬೈ ಸಂಜೆಗಳು ತಣ್ಣಗಾಗತೊಡಗಿರುತ್ತವೆ.

ಇನ್ನು ಗಂಟು ಕಟ್ಟುವಾಗ: ಗಸಗಸೆ ಮೆತ್ತಿದ ಅನಾರಸ, ಗಸಗಸೆ ಹಾಕಿದ ಕರ್ಚಿಕಾಯಿ ಮನೆಯಲ್ಲೇ ಇರಲಿ, ಗಸಗಸೆ ದುಬೈಯಲ್ಲಿಯೂ ಸಿಂಗಪುರದಲ್ಲಿಯೂ ನಿಷಿದ್ಧ. ಗುಟ್ಕಾ ಸಿಂಗಪುರದಲ್ಲಿ ನಡೆಯುವುದಿಲ್ಲ. ಧಾರವಾಡ ಪೇಡೆ ಹಾಲಿನದಾದ್ದರಿಂದ ಆಸ್ಟ್ರೇಲಿಯಾದವರು ಒಳಗೆ ಬಿಡುವುದಿಲ್ಲ. ಅಲ್ಲಿ ಇಳಿಯುವಾಗ ತುಂಬಿ ಕೊಡುವ ಫಾರ್ಮಿನಲ್ಲಿ ಬರೆಯದೆ ಸಿಕ್ಕಿಬಿದ್ದರೆ ದಂಡ. ರೊಟ್ಟಿ ಒಯ್ದರೂ ಫಾರ್ಮಿನಲ್ಲಿ ಬರೆದುಬಿಡಿ.