ಘಾಟಿ ಹತ್ತುವ ಪಿಕಪ್‌ಗೆ ಯಾವುದು: ಟ್ಯೂನಿಂಗ್ ಬಾಕ್ಸಾ, ರೀಮ್ಯಾಪಾ?

ನನ್ನ ಹತ್ತಿರ ಇರೋದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. 2.5 ಲೀಟರ್ ಡೀಸೆಲ್ ಎಂಜಿನ್, ಐದು ಗೇರ್, ಫೋರ್ ವೀಲ್ ಡ್ರೈವ್. ತೋಟ ಸಕಲೇಶಪುರದ ಕಡೆ. ದಿನಾ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡೋದು, ಪೇಟೆಗೆ ಹೋಗೋದು, ತೋಟಕ್ಕೆ ಪೈಪು, ಗೊಬ್ಬರ, ಸ್ಪ್ರೇಯರ್ ತರೋದು, ಎಲ್ಲವೂ ಇದೇ ಗಾಡಿಯಲ್ಲಿ. ಆಗಾಗ ಶಿರಾಡಿ ಇಳಿದು ಮಂಗಳೂರಿಗೂ ಹೋಗುತ್ತೇನೆ. ಅಂದರೆ ಇದು ಭಾನುವಾರ ಒರೆಸಿ ಹೊರಗೆ ತೆಗೆಯುವ ಗಾಡಿಯಲ್ಲ. ಒಂದು ದಿನ ನಿಂತರೆ ಮನೆಯ ಅರ್ಧ ಕೆಲಸ ನಿಲ್ಲುತ್ತದೆ.

ಕಂಪನಿ ಲೆಕ್ಕದಲ್ಲಿ ಈ ಎಂಜಿನ್‌ಗೆ 134 ಬಿಎಚ್‌ಪಿ ಪವರ್, 320 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ಆ ಪೂರ್ತಿ ಟಾರ್ಕ್ ಸಿಗೋದು 1800ರಿಂದ 2800 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ನಡುವೆ. ಹಾಸನದ ಸಪಾಟು ರಸ್ತೆಗೆ ಇದು ಧಾರಾಳ. ತೊಂದರೆ ಇರೋದು ಘಾಟಿಯಲ್ಲಿ. ಗುಂಡ್ಯ ದಾಟಿ ಹತ್ತುವಾಗ ಮುಂದೆ ಒಂದು ಟ್ಯಾಂಕರ್ ಸಿಕ್ಕಿತು ಅನ್ನಿ. ಮೂರನೇ ಗೇರ್‌ನಲ್ಲಿ 1400ಕ್ಕೆ ಇಳಿದಿರುತ್ತೇವೆ. ಹಿಂದೆ ನಾಲ್ಕೈದು ಮೂಟೆ, ಒಳಗೆ ನಾಲ್ಕು ಜನ. ಓವರ್‌ಟೇಕ್‌ಗೆ ಜಾಗ ಸಿಕ್ಕಿದಾಗ ಕಾಲು ಒತ್ತಿದರೆ ಒಂದು ಕ್ಷಣ ಏನೂ ಆಗೋದಿಲ್ಲ. ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊ ಎದ್ದು ಎಳೆಯುವಷ್ಟರಲ್ಲಿ ಎದುರಿಂದ ಬಸ್ಸು ಬಂದಿರುತ್ತದೆ. ಎರಡನೇ ಗೇರ್‌ಗೆ ಇಳಿಸಬಹುದು, ಇಳಿಸುತ್ತೇವೆ ಕೂಡ. ಆದರೆ ಇಡೀ ಘಾಟಿ ಎರಡರಲ್ಲೇ ಕಿರುಚಿಸಿಕೊಂಡು ಹೋಗೋದು ಯಾರಿಗೂ ಇಷ್ಟವಾಗಲ್ಲ.

ಹಾಗಾಗಿ ನನಗೆ ಬೇಕಿದ್ದದ್ದು ಒಂದೇ: 1400ರಿಂದ 2500ರವರೆಗಿನ ಎಳೆತ. ಟಾಪ್ ಸ್ಪೀಡ್ ಬೇಡ, ಸದ್ದು ಬೇಡ, ಶಕ್ತಿ ಅಳೆಯುವ ಡೈನೋ ಯಂತ್ರದ ಚೀಟಿಯಲ್ಲಿ ದೊಡ್ಡ ನಂಬರ್ ಕೂಡ ಬೇಡ. ಎಳೆತ ಹೆಚ್ಚಿಸುತ್ತವೆ ಅಂತ ಮಾರುವವನ್ನು, ಹೊರಗಿನಿಂದ ಸೇರಿಸುವ ಟ್ಯೂನಿಂಗ್ ಬಾಕ್ಸಿನಿಂದ ಹಿಡಿದು ಎಂಜಿನ್ನಿನ ಸಾಫ್ಟ್‌ವೇರ್ ತಿದ್ದುವ ರೀಮ್ಯಾಪ್‌ವರೆಗೆ, ಒಂದಾದ ಮೇಲೆ ಒಂದು ಹಾಕಿ ನೋಡಿದೆ. ಕೆಲವು ಸ್ನೇಹಿತರಿಂದ ಕಡ ತಂದವು, ಕೆಲವು ಸ್ವಂತ ದುಡ್ಡಿನವು. ಎಲ್ಲವನ್ನೂ ಗುಂಡ್ಯದಿಂದ ದೋಣಿಗಾಲ್‌ವರೆಗಿನ ಅದೇ ಏರಿನಲ್ಲಿ, ಹೆಚ್ಚುಕಮ್ಮಿ ಅದೇ ಲೋಡಿನಲ್ಲಿ ನೋಡಿದ್ದೇನೆ. ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಸಾಕೆಟ್‌ಗೆ ಒಂದು ಬ್ಲೂಟೂತ್ ರೀಡರ್ ಚುಚ್ಚಿ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮತ್ತು ಕೂಲಂಟ್ ಬಿಸಿ ಎಷ್ಟು ಅಂತ ಫೋನಿನಲ್ಲಿ ದಾಖಲಿಸಿಕೊಂಡೆ. ಪಕ್ಕದಲ್ಲಿ ಕೂತವರು ಫೋನ್ ನೋಡಬೇಕು, ಓಡಿಸುವವರಲ್ಲ.

ಮೊದಲು ಒಂದು ಮಾತು. ಯಾವುದನ್ನೂ ಕೊಳ್ಳುವ ಮುಂಚೆ ಗಾಡಿ ತನ್ನ ಹಳೇ ಶಕ್ತಿಯಲ್ಲೇ ಇದೆಯಾ ನೋಡಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕ್ಲಾಂಪ್ ಸ್ವಲ್ಪ ಸಡಿಲವಾದರೂ ಬೂಸ್ಟ್ ಸೋರುತ್ತದೆ. ಪೈಪಿನ ಜೋಡಣೆ ಹತ್ತಿರ ಎಣ್ಣೆ ಜಿನುಗಿದ ಗುರುತು ಇದ್ದರೆ ಅನುಮಾನ ಪಡಿ. ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಅಷ್ಟೇ, ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ತುಂಬಿದ್ದರೂ ಅಷ್ಟೇ. ಇವನ್ನೆಲ್ಲ ಊರಿನ ಮೆಕ್ಯಾನಿಕ್ ಅರ್ಧ ದಿನದಲ್ಲಿ ನೋಡಿಕೊಡುತ್ತಾರೆ. ಸರ್ವಿಸ್ ಮಾಡಿಸಿದ ಖುಷಿಯನ್ನು ಹೊಸ ಪಾರ್ಟಿನ ಲೆಕ್ಕಕ್ಕೆ ಬರೆಯುವವರು ತುಂಬಾ ಜನ ಇದ್ದಾರೆ. ಟಯರ್ ಕೂಡ ನೋಡಿ. ಗತ್ತಿಗೆ ಅಂತ ದೊಡ್ಡ ಟಯರ್ ಹಾಕಿಸಿ, ಆಮೇಲೆ ಗಾಡಿ ಎಳೀತಿಲ್ಲ ಅನ್ನುವವರೂ ಇದ್ದಾರೆ. ಟಯರಿನ ವ್ಯಾಸ ನೂರಕ್ಕೆ ಐದು ಹೆಚ್ಚಾದರೆ ಎಲ್ಲ ಗೇರುಗಳೂ ಅಷ್ಟೇ ಉದ್ದವಾಗುತ್ತವೆ. ಸಿಗಬೇಕಾದ ಎಳೆತ ಅಲ್ಲೇ ಕೈಬಿಟ್ಟು ಹೋಯಿತಲ್ಲ.

ಈಗ ಪೆಡಲ್ ಬಾಕ್ಸ್. ಇದನ್ನು ಬೇಗ ಮುಗಿಸಿಬಿಡುತ್ತೇನೆ. ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೂ ನಡುವೆ ಕೂರುವ ಚಿಕ್ಕ ಡಬ್ಬಿ ಇದು. ನೀವು ಅರ್ಧ ಒತ್ತಿದರೆ ಮುಕ್ಕಾಲು ಒತ್ತಿದ್ದಾರೆ ಅಂತ ಇಸಿಯುಗೆ ಹೇಳುತ್ತದೆ. ಒಂದು ಕುದುರೆಯ ಶಕ್ತಿಯೂ ಹೆಚ್ಚಾಗೋದಿಲ್ಲ. ಪೇಟೆಯಲ್ಲಿ ಓಡಿಸಿದಾಗ ಮಾತ್ರ ಗಾಡಿಗೆ ವಯಸ್ಸು ಕಮ್ಮಿಯಾದ ಹಾಗೆ ಅನಿಸುತ್ತದೆ, ಅದು ನಿಜ. ಘಾಟಿಯಲ್ಲಿ ಹೇಗೂ ಪೂರ್ತಿ ಒತ್ತಿರುತ್ತೇವೆ, ಅಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಳೆಗಾಲದಲ್ಲಿ ತೋಟದ ಕೆಸರು ದಾರಿಯಲ್ಲಂತೂ ಕಷ್ಟ. ಅಲ್ಲಿ ಕಾಲು ಮೆಲ್ಲಗೆ ಇಡಬೇಕು, ಇದು ಜರ್ಕ್ ಹೊಡೆಸಿ ಚಕ್ರ ಸುತ್ತಿಸುತ್ತದೆ. ತಂದ ಸ್ನೇಹಿತನಿಗೇ ವಾಪಸ್ ಕೊಟ್ಟೆ.

ಏರ್ ಫಿಲ್ಟರ್ ವಿಷಯವೂ ಹೀಗೇ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ, ತೊಳೆದು ಮತ್ತೆ ಹಾಕುವ ಫಿಲ್ಟರ್‌ಗಳು ಬರುತ್ತವಲ್ಲ, ಅವು. ಗಾಳಿ ಸರಾಗವಾಗಿ ಹೋಗುತ್ತದೆ ಅನ್ನೋದು ಸರಿ. ಆದರೆ ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿಯಲ್ಲೇ ಓಡುತ್ತದೆ. ಶಕ್ತಿ ಹೆಚ್ಚಬೇಕಾದರೆ ಡೀಸೆಲ್ ಹೆಚ್ಚು ಬೀಳಬೇಕು. ಅದನ್ನು ಬೀಳಿಸೋದು ಇಸಿಯು, ಫಿಲ್ಟರ್ ಅಲ್ಲ. 2500 ಆರ್‌ಪಿಎಂ ಒಳಗೆ ನನಗೆ ಸದ್ದು ಬಿಟ್ಟು ಬೇರೆ ಯಾವ ವ್ಯತ್ಯಾಸವೂ ಸಿಗಲಿಲ್ಲ. ಮಾರ್ಚ್ ತಿಂಗಳ ತೋಟದ ಧೂಳು ಎಂಥದ್ದು ಅಂತ ನೋಡಿದವರಿಗೆ ಗೊತ್ತು. ಆ ಸಣ್ಣ ಧೂಳನ್ನು ಕಾಗದದ ಫಿಲ್ಟರ್ ಚೆನ್ನಾಗಿ ಹಿಡಿಯುತ್ತದೆ. ತೊಳೆದ ಫಿಲ್ಟರ್‌ಗೆ ಎಣ್ಣೆ ಸ್ವಲ್ಪ ಜಾಸ್ತಿಯಾದರೆ ಅದು ಹಾರಿ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂರುವ ಭಯ ಬೇರೆ. ನಾನು ಕಾಗದದ್ದನ್ನೇ ಬೇಗ ಬೇಗ ಬದಲಿಸುತ್ತೇನೆ.

ಫ್ರೀ-ಫ್ಲೋ ಸೈಲೆನ್ಸರ್ ನನ್ನ ಗಾಡಿಗೆ ಹಾಕಿಸಲಿಲ್ಲ. ಅದು ಹಾಕಿಸಿರುವ ಇನ್ನೊಂದು ವಿ-ಕ್ರಾಸ್ ಓಡಿಸಿದೆ. ಟರ್ಬೊ ಆದ ಮೇಲಿನ ದಾರಿ ಸಲೀಸಾದರೆ ಟರ್ಬೊ ಸ್ವಲ್ಪ ಬೇಗ ಏಳುತ್ತದೆ, ಹೊಗೆಯ ಬಿಸಿಯೂ ಇಳಿಯುತ್ತದೆ. ತತ್ವ ಸರಿಯಾಗಿದೆ. ಆದರೆ ಇಸಿಯು ಒಳಗಿನ ಲೆಕ್ಕ, ಅಂದರೆ ಮ್ಯಾಪ್, ಬದಲಿಸದೆ ಅದೊಂದನ್ನೇ ಹಾಕಿದರೆ ಸಿಗೋದು ಬಹಳ ಕಮ್ಮಿ. 2000 ಆರ್‌ಪಿಎಂ ಆಸುಪಾಸಿನಲ್ಲಿ ಕ್ಯಾಬಿನ್ ಒಳಗೆ ಗುಂಯ್ ಅಂತ ಒಂದೇ ಸಮ ಸದ್ದು, ಮಂಗಳೂರು ತಲುಪುವ ಹೊತ್ತಿಗೆ ತಲೆನೋವು. ಇನ್ನೊಂದು, ನಮ್ಮ ಕಡೆ ರಾತ್ರಿ ಹೊತ್ತು ಆನೆ ರಸ್ತೆಗೆ ಬರುತ್ತವೆ. ಕಿಟಕಿ ಇಳಿಸಿ, ಕೊಂಬೆ ಮುರಿಯುವ ಸದ್ದು ಕೇಳುತ್ತದಾ ಅಂತ ಕಿವಿಗೊಟ್ಟು ಹೋಗುವ ದಾರಿಯಲ್ಲಿ ಅಬ್ಬರದ ಸೈಲೆನ್ಸರ್ ಯಾರಿಗೆ ಬೇಕು?

ಇನ್ನು ಉಳಿದಿದ್ದು ಎರಡು, ನಿಜವಾದ ಪೈಪೋಟಿ ಇರೋದೂ ಇವೆರಡರ ನಡುವೆಯೇ.

ಟ್ಯೂನಿಂಗ್ ಬಾಕ್ಸ್ ಮಾಡೋದು ಒಂದು ಸಣ್ಣ ಮೋಸ. ಈ ಎಂಜಿನ್‌ನಲ್ಲಿ ಡೀಸೆಲ್ ಕಾಮನ್ ರೈಲ್ ಅನ್ನುವ ಒಂದು ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ನಿಂತಿರುತ್ತದೆ, ಅಲ್ಲಿಂದ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಒತ್ತಡ ಎಷ್ಟಿದೆ ಅಂತ ಹೇಳೋಕೆ ರೈಲ್ ಮೇಲೆ ಒಂದು ಸೆನ್ಸರ್. ಬಾಕ್ಸ್ ಆ ಸೆನ್ಸರ್ ಮತ್ತು ಇಸಿಯು ನಡುವೆ ಕೂತು, ಇರೋದಕ್ಕಿಂತ ಕಮ್ಮಿ ಒತ್ತಡ ತೋರಿಸುತ್ತದೆ. ಪಾಪ, ಇಸಿಯು ನಂಬಿ ಒತ್ತಡ ಏರಿಸುತ್ತದೆ. ಇಂಜೆಕ್ಟರ್ ತೆರೆಯುವ ಸಮಯ ಅಷ್ಟೇ, ಆದರೆ ಅಷ್ಟೇ ಸಮಯದಲ್ಲಿ ಡೀಸೆಲ್ ಜಾಸ್ತಿ ಬೀಳುತ್ತದೆ. ಕೂರಿಸೋಕೆ ಅರ್ಧ ಗಂಟೆ ಸಾಕು. ಕಂಪನಿ ಸಾಕೆಟ್‌ಗಳೇ ಇರುತ್ತವೆ, ವೈರ್ ಕತ್ತರಿಸುವ ಕೆಲಸ ಇಲ್ಲ.

ಮೊದಲ ಸಲ ಘಾಟಿ ಹತ್ತಿಸಿದಾಗ ಖುಷಿಯಾಯಿತು, ಸುಳ್ಳು ಹೇಳಲ್ಲ. 2000 ದಾಟಿದ ಮೇಲೆ ಎದೆಗೆ ಒತ್ತುವ ಎಳೆತ. ಮೂರನೇ ಗೇರ್‌ನಲ್ಲೇ ಟ್ಯಾಂಕರ್ ದಾಟಿದೆ. ಆದರೆ 1400ರಿಂದ 1800ರ ನಡುವಿನ ನಿದ್ದೆ ಹಾಗೇ ಉಳಿಯಿತು. ಅದು ಯಾಕೆ ಅಂದರೆ, ಅಲ್ಲಿ ಕೊರತೆ ಇರೋದು ಬೂಸ್ಟಿನದು. ನನ್ನ ಬಾಕ್ಸ್ ಬೂಸ್ಟ್ ಮುಟ್ಟುತ್ತಿರಲಿಲ್ಲ, ಡೀಸೆಲ್ ಮಾತ್ರ ಸುರಿಯುತ್ತಿತ್ತು. ಗಾಳಿ ಸಾಲದ ಜಾಗದಲ್ಲಿ ಡೀಸೆಲ್ ಜಾಸ್ತಿಯಾದರೆ ಆಗೋದು ಕರಿ ಹೊಗೆ. ಕನ್ನಡಿಯಲ್ಲಿ ಕಾಣುತ್ತಿತ್ತು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ, ಮಂಗಳೂರಿಗಿಂತ ಗಾಳಿ ನೂರಕ್ಕೆ ಹತ್ತರಷ್ಟು ತೆಳು. ಮೇಲಕ್ಕೆ ಬರುತ್ತಾ ಹೊಗೆ ಹೆಚ್ಚಾಗೋದು ಅದಕ್ಕೇ. ಇಸಿಯು ಒಳಗೆ ಹೊಗೆ ತಡೆಯುವ ಲೆಕ್ಕ ಇರುತ್ತದೆ, ಆದರೆ ಎಷ್ಟು ಡೀಸೆಲ್ ಬೀಳುತ್ತಿದೆ ಅಂತ ಅದಕ್ಕೇ ಗೊತ್ತಿಲ್ಲದಿದ್ದರೆ ತಡೆಯೋದು ಹೇಗೆ? ಇದೇ ಕಾರಣಕ್ಕೆ ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬುವ ಹಾಗಿಲ್ಲ. ಪರದೆ ಏರಿಕೆ ತೋರಿಸುತ್ತಿತ್ತು, ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದರೆ ಲೀಟರ್‌ಗೆ ಅರ್ಧ ಕಿಲೋಮೀಟರ್‌ನಷ್ಟು ಇಳಿದೇ ಇತ್ತು.

ಸೆಟ್ಟಿಂಗ್ ಮೇಲಕ್ಕೆ ತಿರುಗಿಸಿದ ಒಂದು ದಿನ ಚೆಕ್ ಎಂಜಿನ್ ಲೈಟ್ ಹತ್ತಿತು, ಗಾಡಿ ಲಿಂಪ್ ಮೋಡ್‌ಗೆ, ಅಂದರೆ ಶಕ್ತಿ ಕಮ್ಮಿ ಮಾಡಿಕೊಂಡು ಕುಂಟುವ ಸ್ಥಿತಿಗೆ ಹೋಯಿತು. ರೈಲ್ ಒತ್ತಡ ಮಿತಿ ಮೀರಿದ ಕೋಡ್. ಬದಿಗೆ ನಿಲ್ಲಿಸಿ ಬಾಕ್ಸ್ ಕಿತ್ತು, ಕೋಡ್ ಅಳಿಸಿದ ಮೇಲೆ ಸರಿಹೋಯಿತು. ಬಾಕ್ಸಿನ ದೊಡ್ಡ ಗುಣವೂ ಇದೇ ನೋಡಿ: ಬೇಡ ಅಂದರೆ ಹತ್ತು ನಿಮಿಷದಲ್ಲಿ ಬಿಚ್ಚಬಹುದು, ಗಾಡಿ ಮಾರುವಾಗ ಬೇರೆಯಾಗಿ ಮಾರಬಹುದು. ನಾನು ಮಾರಿದೆ.

ರೀಮ್ಯಾಪ್ ಬೇರೆ ದಾರಿ. ಇಲ್ಲಿ ಇಸಿಯುಗೆ ಸುಳ್ಳು ಹೇಳೋದಿಲ್ಲ, ಅದರ ಒಳಗಿನ ಲೆಕ್ಕವನ್ನೇ ತಿದ್ದುತ್ತಾರೆ. ಯಾವ ಆರ್‌ಪಿಎಂನಲ್ಲಿ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಬೀಳಬೇಕು, ರೈಲ್ ಒತ್ತಡ ಎಷ್ಟು, ಬೂಸ್ಟ್ ಎಷ್ಟು, ಟಾರ್ಕ್ ಮಿತಿ ಎಲ್ಲಿ, ಹೊಗೆ ಮಿತಿ ಎಲ್ಲಿ, ಎಲ್ಲವೂ ಕೋಷ್ಟಕಗಳಲ್ಲಿ ಇರುತ್ತದೆ. ಈ ಎಂಜಿನ್‌ನ ಟರ್ಬೊದಲ್ಲಿ ಒಳಗಿನ ಎಲೆಗಳ ಕೋನ ಬದಲಾಗುತ್ತದೆ, ಅದನ್ನು ಆಡಿಸೋದೂ ಇಸಿಯು. ಹಾಗಾಗಿ ಕೆಳಗಿನ ಆರ್‌ಪಿಎಂನಲ್ಲೇ ಬೂಸ್ಟ್ ಬೇಗ ಕಟ್ಟಿಸೋಕೆ ಅವಕಾಶ ಇದೆ. ಬಾಕ್ಸ್‌ಗೆ ಸಿಗದ ಜಾಗ ಇದೇ.

ಬೆಂಗಳೂರಿನಲ್ಲಿ ಮಾಡಿಸಿದೆ. ಟ್ಯೂನರ್ ಮೊದಲು ತೋರಿಸಿದ್ದು ಅವರ ಎಂದಿನ ಸ್ಟೇಜ್ ಒನ್ ಫೈಲ್ (ಬೇರೆ ಪಾರ್ಟ್ ಬದಲಿಸದೆ ಹಾಕುವ ಮ್ಯಾಪ್), ನೂರಕ್ಕೆ ಇಪ್ಪತ್ತೈದರಷ್ಟು ಟಾರ್ಕ್ ಏರಿಕೆ ಅಂತ ಹೇಳಿದರು. ಲೋಡ್ ಹಾಕುತ್ತೇನೆ, ಘಾಟಿ ಹತ್ತುತ್ತೇನೆ, ಕ್ಲಚ್ ಹಳೆಯದು ಅಂದೆ. ಅದಕ್ಕೆ ಅವರು ಮಾಡಿಕೊಟ್ಟದ್ದು ಅದರ ಅರ್ಧದಷ್ಟು ಏರಿಕೆಯ ಫೈಲ್. ಹೊಗೆ ಮಿತಿ ಕಂಪನಿಯದ್ದೇ ಇರಲಿ ಅಂತ ಹಟ ಹಿಡಿದೆ. ಮೂಲ ಫೈಲಿನ ಕಾಪಿಯನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆದೆ. ನೀವೂ ಕೇಳಿ, ಕೊಡಲ್ಲ ಅಂದರೆ ಎದ್ದು ಬನ್ನಿ. ಮುಂದೆ ಸರ್ವಿಸ್ ಸೆಂಟರ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿಹೋಗಬಹುದು, ಆಗ ತಿದ್ದಿದ ಫೈಲೂ ಬೇಕಾಗುತ್ತದೆ.

ಬಾಕ್ಸಿನ ಹಾಗೆ ಎದೆಗೆ ಗುದ್ದುವ ಎಳೆತ ಇದರಲ್ಲಿ ಇಲ್ಲ. ಮೊದಲ ದಿನ ಹಾಸನದವರೆಗೆ ಓಡಿಸಿ, ದುಡ್ಡು ಹೋಯಿತಾ ಅಂತ ಅನಿಸಿದ್ದೂ ಉಂಟು. ಘಾಟಿಗೆ ಇಳಿದು ಹತ್ತಿದಾಗ ಗೊತ್ತಾಯಿತು. 1500ರಲ್ಲೇ ಗಾಡಿ ಮುಂದಕ್ಕೆ ಹೊರಡುತ್ತದೆ. ಮುಂಚೆ ಎರಡಕ್ಕೆ ಇಳಿಸುತ್ತಿದ್ದ ತಿರುವುಗಳಲ್ಲಿ ಮೂರರಲ್ಲೇ ಹೋಗುತ್ತೇನೆ. ಹೊಗೆ ಇಲ್ಲ. ಕೂಲಂಟ್ ಬಿಸಿ ಹಿಂದಿನಷ್ಟೇ. ಮೈಲೇಜ್ ಒಂಚೂರು ಏರಿತು, ಆದರೆ ಅದು ಮ್ಯಾಪಿಗಿಂತ ಗೇರ್ ಕಮ್ಮಿ ಇಳಿಸುವುದರಿಂದ ಬಂದದ್ದು. ಕಾಲು ಭಾರ ಇರುವವರಿಗೆ ಅದೂ ಸಿಗಲ್ಲ.

ಬೆಲೆ ನೋಡಿದರೆ ಒಳ್ಳೆಯ ರೀಮ್ಯಾಪ್ ಒಳ್ಳೆಯ ಬಾಕ್ಸಿಗಿಂತ ದುಬಾರಿ. ಅದರ ಜೊತೆಗೆ ಕ್ಲಚ್ ಖರ್ಚನ್ನೂ ಸೇರಿಸಿಕೊಳ್ಳಿ. ಎರಡರಲ್ಲಿ ಯಾವುದು ಹಾಕಿದರೂ ಕೆಳಗಿನ ಆರ್‌ಪಿಎಂನಲ್ಲಿ ಬರುವ ಹೆಚ್ಚಿನ ಟಾರ್ಕ್ ಮೊದಲು ತಾಗೋದು ಕ್ಲಚ್ ಪ್ಲೇಟಿಗೆ. ನಾಲ್ಕನೇ ಗೇರ್‌ನಲ್ಲಿ 1800ಕ್ಕೆ ತಂದು ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಏರಿ ಗಾಡಿ ಮಾತ್ರ ಏರದಿದ್ದರೆ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ನನ್ನದು ಆಗಲೇ ಅಂಚಿನಲ್ಲಿತ್ತು, ಕೆಲವು ತಿಂಗಳಲ್ಲಿ ಬದಲಿಸಿದೆ. ಮತ್ತೆ, ಘಾಟಿ ಹತ್ತಿ ನಿಲ್ಲಿಸಿದ ತಕ್ಷಣ ಕೀ ತಿರುಗಿಸಬೇಡಿ. ಡೀಸೆಲ್ ಜಾಸ್ತಿ ಸುಟ್ಟರೆ ಟರ್ಬೊಗೆ ಹೋಗುವ ಹೊಗೆಯ ಬಿಸಿಯೂ ಜಾಸ್ತಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಅಷ್ಟರಲ್ಲಿ ಕಾಫಿ ಹೇಳಿ ಬರಬಹುದು.

ಕಾನೂನಿನ ಮಾತೂ ಬೇಕಲ್ವಾ. ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸೋದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿದೆ. ಸೈಲೆನ್ಸರ್ ಪೊಲೀಸರ ಕಿವಿಗೆ ಬೀಳುತ್ತದೆ, ಮ್ಯಾಪ್ ಬೀಳಲ್ಲ ಅಂತ ಜನ ನಗುತ್ತಾರೆ. ಆದರೆ ಅಪಘಾತ ಆದಾಗ ವಿಮೆಯವರು ಕೇಳುವ ಪ್ರಶ್ನೆ ಬೇರೆ ಥರ ಇರುತ್ತದೆ. ನಾನು ವಿಮಾ ಕಂಪನಿಗೆ ಬರೆದು ತಿಳಿಸಿದ್ದೇನೆ. ವಾರಂಟಿ ನನ್ನ ಗಾಡಿಗೆ ಯಾವತ್ತೋ ಮುಗಿದಿತ್ತು.

ಇಷ್ಟೆಲ್ಲ ಹೇಳಿದ್ದು ಹಳೇ 2.5ರ ವಿಷಯ. ಹೊಸ ಬಿಎಸ್6 ವಿ-ಕ್ರಾಸ್ ಇದ್ದರೆ ನನ್ನ ಉತ್ತರ ಬೇರೆ. ಅದರಲ್ಲಿರೋದು 1.9 ಲೀಟರ್ ಎಂಜಿನ್, ಆದರೂ 163 ಪಿಎಸ್ (ಬಿಎಚ್‌ಪಿಗೆ ಹೆಚ್ಚುಕಮ್ಮಿ ಸಮ), 360 ಎನ್‌ಎಂ. ನಾನು ದುಡ್ಡು ಕೊಟ್ಟು ಪಡೆದದ್ದು ಹೆಚ್ಚುಕಮ್ಮಿ ಅದಕ್ಕೆ ಕಾರ್ಖಾನೆಯಿಂದಲೇ ಬಂದಿದೆ. ಜೊತೆಗೆ ಮಸಿ ಹಿಡಿಯುವ ಡಿಪಿಎಫ್ ಇದೆ. ಬಾಕ್ಸ್ ಹಾಕಿ ಹೊಗೆ ಜಾಸ್ತಿ ಮಾಡಿದರೆ ಆ ಮಸಿಯೆಲ್ಲ ಹೋಗಿ ಕೂರೋದು ಅಲ್ಲೇ, ಫಿಲ್ಟರ್ ಬೇಗ ಕಟ್ಟುತ್ತದೆ. ಡಿಪಿಎಫ್ ಕಿತ್ತು ಹಾಕಿ ಮ್ಯಾಪ್ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ, ಅವರ ಅಂಗಡಿ ಬಾಗಿಲಿಂದಲೇ ವಾಪಸ್ ಬನ್ನಿ. ಇನ್ನೂ ಶಕ್ತಿ ಬೇಕೇ ಬೇಕು ಅಂದರೆ ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ಇದೆ. 2.8 ಲೀಟರ್, 204 ಪಿಎಸ್, ಆಟೊಮ್ಯಾಟಿಕ್‌ನಲ್ಲಿ 500 ಎನ್‌ಎಂ. ಅದರ ಬೆಲೆ ಕೇಳಿದ ಮೇಲೆ ನಾನು ಹೊಸ ಕ್ಲಚ್ ಪ್ಲೇಟಿನ ಬಿಲ್ಲನ್ನು ನಗುನಗುತ್ತಾ ಕಟ್ಟಿದೆ.